ಮಳೆಗಾಲ ಕಂಡ ಹಳೇ ಗಿಟಾರ್: ಏನು ಕೆಟ್ಟಿದೆ, ಎಲ್ಲಿಂದ ನೋಡಬೇಕು?

ಕೊಡಗಿನ ಮನೆಗಳಲ್ಲಿ ಹಳೇ ಗಿಟಾರ್‌ಗಳಿಗೆ ಬರವಿಲ್ಲ. ಅಪ್ಪ ಕಾಲೇಜಿನಲ್ಲಿದ್ದಾಗ ಕೊಂಡದ್ದು, ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ರಜೆಗೆ ಬರುವಾಗ ತಂದದ್ದು, ಚರ್ಚಿನ ಕ್ವಯರ್‌ನಲ್ಲಿ ವರ್ಷಗಟ್ಟಲೆ ನುಡಿದದ್ದು. ಯಾರೋ ಒಂದು ದಿನ ಅಟ್ಟದಿಂದ ಇಳಿಸಿ ಧೂಳು ಒರೆಸುತ್ತಾರೆ. ಮೀಟಿದರೆ ಅಪಶ್ರುತಿ. ಇಲ್ಲವೇ ತಂತಿ ಒತ್ತೋಕೇ ಆಗಲ್ಲ. "ಇದು ಹೋಯ್ತು" ಅಂತ ಮತ್ತೆ ಅಟ್ಟಕ್ಕೆ ಏರಿಸುತ್ತಾರೆ. ಹಾಗೆ ಏರಿಸಿದವುಗಳಲ್ಲಿ ಎಷ್ಟೋ ಗಿಟಾರ್‌ಗಳಿಗೆ ಬೇಕಾಗಿದ್ದದ್ದು ಹೊಸ ತಂತಿ ಮತ್ತು ಒಂದೆರಡು ವಾರ ಒಣ ಗಾಳಿ, ಅಷ್ಟೇ.

ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ಜುಲೈ ತಿಂಗಳಲ್ಲಿ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಗಾಳಿಯ ತೇವ ಶೇ. 90 ದಾಟುವುದು ಮಾಮೂಲು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಗಿಟಾರಿನ ತೆಳು ಹಲಗೆಗೂ ಅದೇ ಆಗುತ್ತದೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಅದೇ ಹಲಗೆ ಒಣಗಿ ಕುಗ್ಗುತ್ತದೆ. ಆದ್ದರಿಂದ ಮೊದಲ ಅನುಮಾನ ತೇವದ ಮೇಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರಿನ ಯಾವ ಭಾಗವನ್ನೂ ಉಜ್ಜಬೇಡಿ, ಕೆತ್ತಬೇಡಿ. ತಂತಿ ಎತ್ತರವಾಯಿತೆಂದು ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಸ್ಯಾಡಲನ್ನು (ಬುಡದ ಕಡೆ ತಂತಿ ಒರಗುವ ಸಣ್ಣ ಪಟ್ಟಿ) ಉಜ್ಜಿ ತಗ್ಗಿಸಿದರೆ, ಕಾಫಿ ಕುಯ್ಲು ಮುಗಿದು ಹಲಗೆ ಒಣಗುವ ಹೊತ್ತಿಗೆ ತಂತಿ ಪ್ರತಿ ಫ್ರೆಟ್‌ನಲ್ಲೂ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಝರ್ ಅನ್ನುತ್ತದೆ. ಉಜ್ಜಿ ಹೋದದ್ದು ವಾಪಸ್ ಬರುವುದಿಲ್ಲ.

ಕೈ ಹಾಕುವ ಮೊದಲು

ಗಿಟಾರ್ ಯಾವ ಜಾತಿಯದು ಅಂತ ಗೊತ್ತುಮಾಡಿಕೊಳ್ಳಿ. ತಲೆಯಲ್ಲಿ ಉದ್ದುದ್ದ ಎರಡು ಸೀಳುಗಳಿದ್ದು, ಕತ್ತು ಅಗಲವಿದ್ದು (ನಟ್, ಅಂದರೆ ತಲೆಯ ಬುಡದಲ್ಲಿ ತಂತಿ ಹಾದುಹೋಗುವ ಪಟ್ಟಿಯ ಹತ್ತಿರ ಸುಮಾರು 52 ಮಿ.ಮೀ.), ಬ್ರಿಡ್ಜ್‌ನಲ್ಲಿ (ಹಲಗೆಯ ಮೇಲಿನ, ಸ್ಯಾಡಲ್ ಕೂರುವ ಮರದ ತುಂಡು) ತಂತಿಯನ್ನು ಗಂಟು ಹಾಕಿ ಕಟ್ಟುವ ಹಾಗಿದ್ದರೆ ಅದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ಅದರ ಆರೂ ತಂತಿ ಸೇರಿ ಎಳೆಯುವುದು ಸುಮಾರು 40 ಕೆಜಿ. ಸ್ಟೀಲ್ ತಂತಿಯ 12ರ ಸೆಟ್ (ಅತಿ ತೆಳು ತಂತಿ 0.012 ಇಂಚು ದಪ್ಪ) 70 ಕೆಜಿಗೂ ಜಾಸ್ತಿ ಎಳೆಯುತ್ತದೆ. ಕ್ಲಾಸಿಕಲ್ ಗಿಟಾರಿಗೆ ಯಾರಾದರೂ ಸ್ಟೀಲ್ ತಂತಿ ಹಾಕಿಟ್ಟಿದ್ದರೆ ಇವತ್ತೇ ಸಡಿಲಿಸಿ ತೆಗೆಯಿರಿ. ಬ್ರಿಡ್ಜ್ ಕಿತ್ತು ಬರಲು ಅದೊಂದೇ ಸಾಕು.

ಎರಡನೆಯದು ಬ್ರಿಡ್ಜ್. ಕೆಲವು ಹಳೇ ಗಿಟಾರ್‌ಗಳಲ್ಲಿ ತಂತಿ ಬುಡದಲ್ಲಿರುವ ಲೋಹದ ಟೇಲ್‌ಪೀಸ್‌ಗೆ ಸಿಕ್ಕಿಕೊಂಡಿರುತ್ತದೆ, ಬ್ರಿಡ್ಜ್ ಸುಮ್ನೆ ಹಲಗೆಯ ಮೇಲೆ ಕೂತಿರುತ್ತದೆ. ಅದಕ್ಕೆ ಅಂಟು ಇರುವುದೇ ಇಲ್ಲ. ತಂತಿ ತೆಗೆದ ಕೂಡಲೇ ಅದು ಕೈಗೆ ಬರುತ್ತದೆ. ಗಾಬರಿ ಬೇಡ, ಅಂಟಿಸುವುದಂತೂ ಬೇಡವೇ ಬೇಡ. ತಂತಿ ಸಡಿಲಿಸುವ ಮೊದಲೇ ಬ್ರಿಡ್ಜ್‌ನ ನಾಲ್ಕು ಮೂಲೆಗೂ ಕಾಗದದ ಟೇಪ್ ಹಚ್ಚಿ ಜಾಗ ಗುರುತು ಮಾಡಿ.

ತುಕ್ಕು ಹಿಡಿದ ತಂತಿಯನ್ನು ಬಿಗಿ ಇರುವಾಗ ಕತ್ತರಿಸಬೇಡಿ. ನಿಧಾನ ಸಡಿಲಿಸಿ, ಆಮೇಲೆ ತೆಗೆಯಿರಿ. ಕನ್ನಡಕ ಹಾಕಿಕೊಳ್ಳಿ. ಹಳೇ ತಂತಿ ತುಂಡಾಗಿ ಹಾರುವುದು ಕಣ್ಣಿನ ಮಟ್ಟದಲ್ಲೇ.

ಬೇಕಾಗುವ ಸಾಮಾನು ಬಹಳ ಇಲ್ಲ. ಅರ್ಧ ಮಿ.ಮೀ. ಗುರುತಿರುವ ಸ್ಟೀಲ್ ಸ್ಕೇಲ್, ಟಾರ್ಚ್, ಚಿಕ್ಕ ಕನ್ನಡಿ, ಸಣ್ಣ ಸ್ಕ್ರೂಡ್ರೈವರ್, ಪೆನ್ಸಿಲ್, ಒಂದು ಕ್ಯಾಪೋ (ಎಲ್ಲ ತಂತಿಯನ್ನೂ ಒತ್ತಿ ಹಿಡಿಯುವ ಕ್ಲಿಪ್), ಫೋನಿನಲ್ಲಿ ಟ್ಯೂನರ್ ಆಪ್. ಇದರ ಜೊತೆ ಕೆಲವೇ ನೂರು ರೂಪಾಯಿಗೆ ಸಿಗುವ ತೇವ ಅಳೆಯುವ ಮೀಟರ್ ಕೊಳ್ಳಿ. ಕೊಡಗಿನಲ್ಲಿ ಗಿಟಾರ್ ಇಟ್ಟುಕೊಂಡವರಿಗೆ ಇದು ಟ್ಯೂನರ್‌ನಷ್ಟೇ ಮುಖ್ಯ.

ಮುಗ್ಗಲು ವಾಸನೆ, ಬಿಳಿ ಬೂಷ್ಟು

ಬೂಷ್ಟು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಮರ ಕೆಟ್ಟಿಲ್ಲ. ಮಾಸ್ಕ್ ಹಾಕಿಕೊಂಡು ಗಿಟಾರನ್ನು ಜಗಲಿಗೆ ತನ್ನಿ. ಒಳಗೆ ಒರೆಸಿದರೆ ಬೂಷ್ಟಿನ ಪುಡಿ ಮನೆಯೆಲ್ಲ ಹರಡುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಿ, ತಕ್ಷಣ ಒಣ ಬಟ್ಟೆ ಆಡಿಸಿ. ಸ್ಪಿರಿಟ್, ಥಿನ್ನರ್ ಹತ್ತಿರ ತರಬೇಡಿ. ಹಳೇ ಪಾಲಿಶ್ ಕರಗಿ ಬರುತ್ತದೆ.

ಒಣಗಿಸುವ ಅವಸರದಲ್ಲಿ ಬಿಸಿಲಿಗೆ ಇಡುವವರು, ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರು ಇದ್ದಾರೆ. ಎರಡೂ ತಪ್ಪು. ಒಂದು ಮುಖ ಬೇಗ ಒಣಗಿ ಇನ್ನೊಂದು ಮುಖ ಒದ್ದೆ ಉಳಿದರೆ ಹಲಗೆ ಸೊಟ್ಟಗಾಗುತ್ತದೆ, ಅಂಟು ಬಿಡುತ್ತದೆ. ಗಾಳಿಯಾಡುವ ಕೋಣೆಯಲ್ಲಿ, ಒಳಗಿನ ಗೋಡೆಗೆ ತಾಗಿಕೊಂಡಂತೆ, ಫ್ಯಾನ್ ಗಾಳಿ ನೇರ ಬೀಳದ ಕಡೆ ನಿಲ್ಲಿಸಿ. ಮಳೆ ಹೊಡೆಯುವ ಹೊರಗೋಡೆ ಬೇಡ. ನುಸಿಗುಳಿಗೆ ಹಾಕಬೇಡಿ, ಆ ವಾಸನೆ ಮರ ಹಿಡಿದರೆ ಬಿಡುವುದಿಲ್ಲ. ಕೇಸ್ ಒಳಗೆ ಸಿಲಿಕಾ ಜೆಲ್ ಇಡಬಹುದು, ಆದರೆ ಅದು ತೇವ ಕುಡಿದ ಮೇಲೆ ಮತ್ತೆ ಒಣಗಿಸದೆ ಹಾಗೇ ಬಿಟ್ಟರೆ ಪ್ರಯೋಜನ ಇಲ್ಲ. ಕೇಸಿನ ಬಟ್ಟೆಗೇ ಬೂಷ್ಟು ಹಿಡಿದಿದ್ದರೆ ಮೊದಲು ಕೇಸನ್ನು ಒಣಗಿಸಿ. ಎಷ್ಟು ಒರೆಸಿದರೂ ವಾಸನೆ ಮರುಕಳಿಸುವುದಕ್ಕೆ ಬಹಳ ಸಲ ಕೇಸೇ ಕಾರಣ.

ಶ್ರುತಿ ನಿಲ್ಲುವುದಿಲ್ಲ

ತಂತಿ ಹಾಕಿ ಎಷ್ಟು ಕಾಲವಾಯಿತು? ಬಣ್ಣ ಕಪ್ಪಾಗಿದ್ದರೆ, ಬೆರಳಾಡಿಸಿದರೆ ಒರಟು ಸಿಕ್ಕರೆ, ಬೇರೆ ಯಾವ ಪರೀಕ್ಷೆಯೂ ಬೇಡ. ಮೊದಲು ತಂತಿ ಬದಲಾಯಿಸಿ. ಸ್ಟೀಲ್ ತಂತಿಯ ಹಳೇ ಗಿಟಾರಿಗೆ ನಾನು ಹೇಳುವುದು 10ರ ಸೆಟ್. ಎಳೆತ ಕಡಿಮೆ, ವಯಸ್ಸಾದ ಅಂಟಿಗೆ ಅಷ್ಟು ಆರಾಮ. ಹೊಸ ತಂತಿ ಒಂದೆರಡು ದಿನ ಹಿಗ್ಗುತ್ತಲೇ ಇರುತ್ತದೆ, ಅದನ್ನು ದೋಷ ಅಂತ ಎಣಿಸಬೇಡಿ.

ಹೊಸ ತಂತಿಯೂ ಜಾರುತ್ತಿದ್ದರೆ ಸುತ್ತು ನೋಡಿ. ದಪ್ಪ ತಂತಿಗೆ ತಲೆಯಲ್ಲಿರುವ ಶ್ರುತಿ ಕೀಯ ಕಂಬದ ಸುತ್ತ ಎರಡು ಮೂರು ಸುತ್ತು, ಒಂದರ ಮೇಲೊಂದು ಏರದೆ, ಕೆಳಮುಖವಾಗಿ ಇರಬೇಕು. ಶ್ರುತಿ ಮಾಡುವಾಗ ಯಾವತ್ತೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿಸಿ. ಸ್ವರ ಮೀರಿ ಹೋದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ. ಹಳೇ ಗೇರಿನಲ್ಲಿ ಸಡಿಲ ಇರುತ್ತದೆ. ಇಳಿಸುತ್ತಾ ಬಂದು ನಿಲ್ಲಿಸಿದರೆ ಆ ಸಡಿಲದಲ್ಲಿ ತಂತಿ ಆಮೇಲೆ ಜಾರುತ್ತದೆ.

ಕೀ ತಿರುಗಿಸುವಾಗ "ಟಿಂಕ್" ಅಂತ ಸದ್ದಾಗಿ ಸ್ವರ ಒಮ್ಮೆಲೇ ನೆಗೆಯುತ್ತದೆಯೇ? ತಂತಿ ನಟ್‌ನ ತೋಡಿನಲ್ಲಿ ಕಚ್ಚಿಕೊಂಡಿದೆ. ತಂತಿ ಪಕ್ಕಕ್ಕೆ ಸರಿಸಿ, ಆ ತೋಡಿನಲ್ಲಿ ಮೆತ್ತನೆ ಪೆನ್ಸಿಲ್‌ನ ಸೀಸ ನಾಲ್ಕು ಸಲ ಎಳೆಯಿರಿ. ಖರ್ಚಿಲ್ಲದ ಈ ಕೆಲಸದಿಂದ ಎಷ್ಟೋ ಗಿಟಾರ್‌ಗಳು ಸರಿಯಾಗಿವೆ.

ಇಷ್ಟಾದ ಮೇಲೂ ನಿಲ್ಲದಿದ್ದರೆ ಕೀಗಳನ್ನು ನೋಡಿ. ಒಂದೊಂದು ಗೇರಿನ ನಡುವಿನ ಸ್ಕ್ರೂ, ತಟ್ಟೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಹಳೇ ಮರದಲ್ಲಿ ಜೋರು ತಿರುಗಿಸಿದರೆ ತೂತು ಸವೆದು ಸ್ಕ್ರೂ ನಿಲ್ಲುವುದೇ ಇಲ್ಲ. ತೆರೆದ ಗೇರ್ ಆದರೆ ಹೊಲಿಗೆ ಮಷೀನಿನ ಎಣ್ಣೆ ಸೂಜಿ ತುದಿಯಲ್ಲಿ ಒಂದೇ ಹನಿ ಬಿಟ್ಟು, ಹೆಚ್ಚಾದದ್ದು ಒರೆಸಿ. ಹಲ್ಲು ಸವೆದಿದ್ದರೆ, ಪ್ಲಾಸ್ಟಿಕ್ ಗುಂಡಿ ಬಿರಿದು ಉದುರುತ್ತಿದ್ದರೆ ಸೆಟ್ಟೇ ಬದಲಾಯಿಸಿ. ಕಂಬದಿಂದ ಕಂಬಕ್ಕೆ ಅಂತರ ಅಳೆದುಕೊಂಡೇ ಅಂಗಡಿಗೆ ಹೋಗಿ, ಹಳೇ ಗಿಟಾರ್‌ಗಳ ಅಳತೆ ಒಂದೇ ಥರ ಇರುವುದಿಲ್ಲ.

ತಂತಿ ಎತ್ತರ, ಒತ್ತಿದರೆ ಬೆರಳು ನೋವು

ಜನ ಹಳೇ ಗಿಟಾರನ್ನು ಕೈಬಿಡಲು ದೊಡ್ಡ ಕಾರಣ ಇದೇ. ತಪ್ಪು ರಿಪೇರಿ ಆಗುವುದೂ ಇಲ್ಲೇ ಜಾಸ್ತಿ.

12ನೇ ಫ್ರೆಟ್‌ನ ಮೇಲ್ತುದಿಯಿಂದ ತಂತಿಯ ಕೆಳಭಾಗಕ್ಕೆ ಎಷ್ಟಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಸ್ಟೀಲ್ ತಂತಿಯ ಗಿಟಾರಿಗೆ ದಪ್ಪ ತಂತಿಯಲ್ಲಿ ಸುಮಾರು 2.5 ಮಿ.ಮೀ., ತೆಳು ತಂತಿಯಲ್ಲಿ 2 ಮಿ.ಮೀ. ಒಳಗಿದ್ದರೆ ಚೆಂದ. ನೈಲಾನ್‌ಗೆ 4 ಮತ್ತು 3. ಸಿಕ್ಕ ಅಳತೆ, ತಾರೀಖು, ಮೀಟರಿನಲ್ಲಿ ಕಂಡ ತೇವ, ಮೂರನ್ನೂ ಬರೆದಿಡಿ. ಮಳೆಗಾಲವಾದರೆ ಇಷ್ಟಕ್ಕೇ ನಿಲ್ಲಿಸಿ. ಗಿಟಾರನ್ನು ಒಣ ಜಾಗದಲ್ಲಿಟ್ಟು ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಕುಶಾಲನಗರದ ಕಡೆ ನೆಂಟರಿದ್ದರೆ ಅವರ ಮನೆಯಲ್ಲಿ ಇಟ್ಟು ನೋಡಬಹುದು. ಮಡಿಕೇರಿಯಿಂದ 30 ಕಿ.ಮೀ. ಅಷ್ಟೇ ದೂರ, ಆದರೆ ಮಳೆ ಎಷ್ಟೋ ಕಡಿಮೆ. ಅಳತೆ ತಾನಾಗಿ ಇಳಿದರೆ ದೋಷ ತೇವದ್ದು. ಹಲಗೆ ಉಬ್ಬಿ ಬ್ರಿಡ್ಜನ್ನು ಮೇಲಕ್ಕೆ ಎತ್ತಿತ್ತು, ಈಗ ಇಳಿಯಿತು.

ಇಳಿಯಲಿಲ್ಲವೇ? ಈಗ ಕತ್ತು ನೋಡಿ. ಒಂದನೇ ಫ್ರೆಟ್‌ಗೆ ಕ್ಯಾಪೋ ಹಾಕಿ. ಕತ್ತು ದೇಹಕ್ಕೆ ಸೇರುವ ಜಾಗದ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. ಆಗ ತಂತಿಯೇ ನೇರ ಗೆರೆ. 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎರಡು ಮೂರು ಹಾಳೆ ಕಾಗದ ತೂರುವಷ್ಟು, ಅಂದರೆ 0.2ರಿಂದ 0.3 ಮಿ.ಮೀ. ಸಂದಿ ಇರಬೇಕು. ಒಂದು ಮಿ.ಮೀ. ಕಂಡರೆ ಕತ್ತು ತಂತಿಯ ಕಡೆಗೆ ಬಾಗಿದೆ. ಸಂದಿಯೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿದೆ.

ಬಾಗಿದ ಕತ್ತನ್ನು ಸರಿಮಾಡಲು ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಬೇಕು. ತಲೆಯ ಮೇಲೆ ನಟ್ ಪಕ್ಕದ ಚಿಕ್ಕ ಮುಚ್ಚಳದ ಕೆಳಗೆ, ಇಲ್ಲವೇ ಸೌಂಡ್‌ಹೋಲ್ (ಹಲಗೆಯಲ್ಲಿರುವ ತೂತು) ಒಳಗೆ ಕತ್ತಿನ ಬುಡದಲ್ಲಿ ಅದರ ತುದಿ ಕಾಣುತ್ತದೆ. ಎಷ್ಟೋ ಹಳೇ ಗಿಟಾರ್‌ಗಳಲ್ಲಿ ಅದು ಇರುವುದೇ ಇಲ್ಲ. ಇದ್ದು, ಕತ್ತು ತಂತಿಯ ಕಡೆಗೆ ಬಾಗಿದ್ದರೆ ತಂತಿ ಸಡಿಲಿಸಿ, ಸರಿಯಾಗಿ ಕೂರುವ ಆಲನ್ ಕೀ ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ಮಾತ್ರ ತಿರುಗಿಸಿ. ಸಂದಿ ಕಡಿಮೆಯಾಗಬೇಕು. ಶ್ರುತಿ ಮಾಡಿ ಒಂದು ದಿನ ಬಿಟ್ಟು ಮತ್ತೆ ನೋಡಿ. ಬಿಗಿ ಎನಿಸಿದರೆ, ಕಿರ್ರ್ ಎಂದರೆ, ಕೀ ಜಾರಿದರೆ ಅಲ್ಲಿಗೇ ಬಿಟ್ಟುಬಿಡಿ. ರಾಡ್ ಮುರಿದರೆ ಫ್ರೆಟ್‌ಬೋರ್ಡ್ ಎಬ್ಬಿಸಿಯೇ ತೆಗೆಯಬೇಕು.

ಕತ್ತು ನೇರ ಇದ್ದೂ ತಂತಿ ಎತ್ತರವಿದ್ದರೆ ಉದ್ದನೆ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜ್ ಕಡೆಗೆ ತಳ್ಳಿ. ಅದು ಬ್ರಿಡ್ಜ್‌ನ ಮರದ ಮೇಲ್ಮೈಯನ್ನು ಸವರಿಕೊಂಡು ಹೋದರೆ ಕತ್ತಿನ ಕೋನ ಸರಿ ಇದೆ. ಆಗ, ಬೇಸಗೆಯಲ್ಲಿ, ಸ್ಯಾಡಲ್ ತಗ್ಗಿಸಬಹುದು. 12ನೇ ಫ್ರೆಟ್ ತಂತಿಯ ಮಧ್ಯಭಾಗ. ಆದ್ದರಿಂದ ಅಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿ.ಮೀ. ತೆಗೆಯಬೇಕು. ಸ್ಯಾಡಲ್‌ನ ತಳವನ್ನು ಗಾಜಿನ ಮೇಲಿಟ್ಟ ಮರಳುಕಾಗದದಲ್ಲಿ ಉಜ್ಜಿ, ಮೇಲಿನ ದುಂಡು ಮುಟ್ಟಬೇಡಿ. ಸಾಧ್ಯವಾದರೆ ಹಳೇ ಸ್ಯಾಡಲ್ ಎತ್ತಿಟ್ಟು ಹೊಸದನ್ನು ಉಜ್ಜಿ, ಮಳೆಗಾಲಕ್ಕೊಂದು ಬೇಸಗೆಗೊಂದು ಇಟ್ಟುಕೊಳ್ಳಬಹುದು.

ಸ್ಕೇಲ್ ಹೋಗಿ ಬ್ರಿಡ್ಜ್‌ನ ಎದುರು ಮುಖಕ್ಕೆ ಡಿಕ್ಕಿ ಹೊಡೆದರೆ ಕತ್ತೇ ಮುಂದಕ್ಕೆ ವಾಲಿದೆ. ಅದನ್ನು ಬಿಚ್ಚಿ ಕೋನ ಸರಿಮಾಡಿ ಕೂರಿಸುವುದು ನುರಿತವರ ಕೆಲಸ. ಸಾಧಾರಣ ಗಿಟಾರ್ ಆದರೆ ಖರ್ಚು ಅದರ ಬೆಲೆ ಮೀರುತ್ತದೆ. ಹಾಗಂತ ಎಸೆಯಬೇಕಿಲ್ಲ. ನಟ್ ಎತ್ತರಿಸಿ, ತೊಡೆಯ ಮೇಲೆ ಮಲಗಿಸಿ, ಸ್ಟೀಲ್ ಬಾರ್ ಹಿಡಿದು ಹವಾಯಿಯನ್ ಗಿಟಾರ್ ಥರ ನುಡಿಸಬಹುದು. ಅದಕ್ಕೆ ತಂತಿ ಎತ್ತರವೇ ಇರಬೇಕು. ಹಳೇ ಹಲಗೆಯ ಮೇಲೆ ಆ ನಾದ ಬಹಳ ಇಂಪು.

ಝರ್ ಅನ್ನುತ್ತದೆ, ಒಳಗೆ ಏನೋ ಗಲಗಲ ಅನ್ನುತ್ತದೆ

ಎಲ್ಲಿ ಅನ್ನುವುದೇ ಇಲ್ಲಿ ಮುಖ್ಯ. ಬಿಟ್ಟ ತಂತಿಯಲ್ಲಿ ಮಾತ್ರ ಝರ್ ಎಂದು, ಒತ್ತಿದಾಗ ಇಲ್ಲವಾದರೆ ನಟ್‌ನ ತೋಡು ಸವೆದಿದೆ. ಒಂದೇ ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನ (ಬ್ರಿಡ್ಜ್ ಕಡೆಯ) ಫ್ರೆಟ್ ಎದ್ದಿದೆ. ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್ ಮೇಲೆ ಇಟ್ಟು ನೋಡಿ. ಅತ್ತಿತ್ತ ತೂಗಿದರೆ ನಡುವಿನದು ಎತ್ತರ. ಮೊದಲ ಐದು ಫ್ರೆಟ್‌ನಲ್ಲೆಲ್ಲ ಬಂದರೆ ಕತ್ತು ಹಿಂದಕ್ಕೆ ಬಾಗಿರಬಹುದು. ಬೇಸಗೆಯಲ್ಲಿ ಮಾತ್ರ ಬಂದರೆ ಹಲಗೆ ಒಣಗಿ ಕುಗ್ಗಿದೆ. ಆಗಲೇ ಫ್ರೆಟ್‌ಗಳ ತುದಿಯೂ ಅಂಚಿನಿಂದ ಹೊರಗೆ ಚಾಚಿ ಅಂಗೈಗೆ ಚುಚ್ಚುತ್ತದೆ.

ಯಾವ ಫ್ರೆಟ್‌ಗೂ ಸಂಬಂಧವಿಲ್ಲದ ಸದ್ದಾದರೆ ಮೊದಲು ಸಣ್ಣಪುಟ್ಟದ್ದು ನೋಡಿ: ಸಡಿಲವಾದ ಕೀಯ ವಾಷರ್, ಕತ್ತರಿಸದೆ ಬಿಟ್ಟ ತಂತಿಯ ತುದಿ, ಬೆಲ್ಟಿನ ಗುಂಡಿ. ಆಮೇಲೆ ಟಾರ್ಚ್ ಮತ್ತು ಕನ್ನಡಿ ಹಿಡಿದು ಸೌಂಡ್‌ಹೋಲ್ ಒಳಗೆ ನೋಡಿ. ಕೈ ಮೊದಲೇ ಹಾಕಬೇಡಿ. ನಮ್ಮ ಕಡೆ ಅಟ್ಟದಲ್ಲಿದ್ದ ಗಿಟಾರಿನೊಳಗೆ ಕಣಜ ಕಟ್ಟಿದ ಮಣ್ಣಿನ ಗೂಡು ಸಿಗುವುದು ಹೊಸದಲ್ಲ. ಬ್ರೇಸ್‌ನ (ಹಲಗೆಗೆ ಒಳಗಿನಿಂದ ಅಂಟಿಸಿದ ಆಸರೆ ಪಟ್ಟಿ) ಮೂಲೆಗೆ ಹೆಬ್ಬೆರಳು ಗಾತ್ರದ, ಬೂದುಬಣ್ಣದ, ಸಾಲುಸಾಲು ಕೊಳವೆ ಅಂಟಿಕೊಂಡಿರುತ್ತದೆ. ಒಂದು ಚೂರು ಉದುರಿ ಒಳಗೆ ಓಡಾಡುತ್ತಿದ್ದರೆ ಪ್ರತಿ ಸ್ವರಕ್ಕೂ ಗಲಗಲ ಅನ್ನುತ್ತದೆ. ಗೂಡು ಖಾಲಿ ಅಂತ ಖಚಿತವಾದ ಮೇಲೆ ಬಿದಿರ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ, ಗಿಟಾರ್ ತಲೆಕೆಳಗೆ ಹಿಡಿದು ಉದುರಿಸಿ. ನೀರು ಹಾಕಿ ನೆನೆಸಬೇಡಿ.

ಒಳಗೆ ಏನೂ ಇಲ್ಲದಿದ್ದರೆ ಬೆರಳ ಗೆಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ತಟ್ಟಿ. ಒಂದು ಕಡೆ ಮಾತ್ರ ಒಡಕು ಸದ್ದು ಬಂದರೆ ಅಲ್ಲಿಯ ಬ್ರೇಸ್ ಅಂಟು ಬಿಟ್ಟಿದೆ. ತಂತಿ ಸಡಿಲಿಸಿ, ರಿಪೇರಿಯವರಿಗೆ ಕೊಡಿ.

ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ

ಬಿಟ್ಟ ತಂತಿ ಸರಿ, 12ನೇ ಫ್ರೆಟ್ ಒತ್ತಿದರೆ ಸ್ವರ ಮೇಲೆ. ಹಳೇ ತಂತಿ ಅಥವಾ ಎತ್ತರದ ತಂತಿ ಇದಕ್ಕೆ ಸಾಮಾನ್ಯ ಕಾರಣ, ಅವೆರಡನ್ನೂ ಮೊದಲು ಸರಿಪಡಿಸಿ. ಅಂಟಿಲ್ಲದ ಬ್ರಿಡ್ಜ್ ಆದರೆ ಜಾಗ ತಪ್ಪಿರಬಹುದು. ನಟ್‌ನಿಂದ 12ನೇ ಫ್ರೆಟ್‌ಗೆ ಎಷ್ಟಿದೆಯೋ, ಅಲ್ಲಿಂದ ಸ್ಯಾಡಲ್‌ಗೆ ಅಷ್ಟೇ ಇಟ್ಟು, ಒಂದೆರಡು ಮಿ.ಮೀ. ಹಿಂದಕ್ಕೆ ಸರಿಸಿ ಟ್ಯೂನರ್‌ನಲ್ಲಿ ನೋಡಿ.

ಬ್ರಿಡ್ಜ್ ಹಿಂದೆ ಸಂದಿ

ಬಿಲ್ಲಿನ ತೆಳು ಕಾಗದದ ತುಂಡೊಂದನ್ನು ಬ್ರಿಡ್ಜ್‌ನ ಹಿಂಬದಿ ಅಂಚಿಗೆ ತೂರಿಸಿ. ಎಲ್ಲೂ ಹೋಗದಿದ್ದರೆ ನಿಶ್ಚಿಂತೆ. ಮೂಲೆಯಲ್ಲಿ ಒಂದು ಮಿ.ಮೀ. ಹೋಗಿ ನಿಂತರೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ತಿಂಗಳಿಗೊಮ್ಮೆ ನೋಡಿ. ಅದಕ್ಕಿಂತ ಒಳಗೆ ಹೋದರೆ ನುಡಿಸುವುದು ಬಿಡಿ, ಈಗಲೇ ಎಲ್ಲ ತಂತಿ ಸಡಿಲಿಸಿ. ಪೂರ್ತಿ ಕಿತ್ತು ಬರುವಾಗ ಹಲಗೆಯ ಸಿಬಿರನ್ನೂ ಎಳೆದುಕೊಂಡು ಬರುತ್ತದೆ.

ಎರಡು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಸಂದಿಗೆ ಸೂಪರ್ ಗ್ಲೂ ಸುರಿಯಬೇಡಿ, ಮೇಲಿನಿಂದ ಸ್ಕ್ರೂ ಹೊಡೆಯಬೇಡಿ. ಸಾಮಾನ್ಯ ಬಿಳಿ ಅಂಟು ಕೂಡ ಸತತ ಎಳೆತಕ್ಕೆ ಮೆಲ್ಲಗೆ ಜಾರುತ್ತದೆ. ಬ್ರಿಡ್ಜನ್ನು ಪೂರ್ತಿ ಬಿಡಿಸಿ, ಹಳೇ ಅಂಟು ಕೆರೆದು, ಸೌಂಡ್‌ಹೋಲ್ ಮೂಲಕ ಕ್ಲ್ಯಾಂಪ್ ಹಾಕಿ ಕೂರಿಸಬೇಕು. ಊರಿನ ಆಚಾರಿ ಒಳ್ಳೆ ಕೆಲಸಗಾರರೇ ಇರಬಹುದು, ಆದರೆ ಎರಡೂವರೆ ಮೂರು ಮಿ.ಮೀ. ದಪ್ಪದ ಹಲಗೆಯ ಮೇಲೆ ಬಿಸಿ ಮಾಡಿ ಬ್ರಿಡ್ಜ್ ಎಬ್ಬಿಸುವುದು ಗಿಟಾರ್ ಬಿಚ್ಚಿ ಅಭ್ಯಾಸವಿದ್ದವರಿಗೇ ಸರಿ.

ಕೆಳಗೆ ಹಿಟ್ಟಿನಂಥ ಪುಡಿ

ಮರಕ್ಕೆ ಕುಟ್ಟೆ ಹಿಡಿದಿರಬಹುದು. ಗುಂಡುಸೂಜಿ ತಲೆಯಷ್ಟು ತೂತು, ಅದರಿಂದ ನುಣ್ಣನೆ ಪುಡಿ. ತೋಟದವರಿಗೆ ಕಾಂಡಕೊರಕ ನೆನಪಾಗುತ್ತದೆ, ಆದರೆ ಅದು ಜೀವಂತ ಕಾಫಿ ಗಿಡದ ಶತ್ರು, ಇದು ಒಣ ಮರದ್ದು. ತೂತು ಕಂಡ ಮಾತ್ರಕ್ಕೆ ಹುಳ ಈಗಲೂ ಇದೆ ಅಂತ ಅಲ್ಲ. ಪುಡಿ ಪೂರ್ತಿ ಒರೆಸಿ, ಕಪ್ಪು ಕಾಗದದ ಮೇಲೆ ಗಿಟಾರ್ ಮಲಗಿಸಿ, ವಾರ ಹತ್ತು ದಿನ ಅಲ್ಲಾಡಿಸದೆ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಇದೆ. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮನೆಯ ಮರದ ಸಾಮಾನಿನಿಂದ ದೂರ ಇಟ್ಟು, ರಿಪೇರಿಯವರನ್ನು ಕೇಳಿ. ಸೀಮೆಎಣ್ಣೆ, ಪೆಟ್ರೋಲ್ ಸಿರಿಂಜಿನಲ್ಲಿ ಬಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಬೆಂಕಿಯ ಅಪಾಯ, ಜೊತೆಗೆ ಮರದಲ್ಲಿ ಅಂಟು ಮುಂದೆ ಹಿಡಿಯುವುದಿಲ್ಲ.

ಪ್ಲಗ್ ಹಾಕಿದರೆ ಕರಕರ, ಗುಂಯ್‌ಗುಟ್ಟುವ ಸದ್ದು

ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಪಿಕಪ್ ಇರುವ ಗಿಟಾರ್ ಆದರೆ 9 ವೋಲ್ಟ್ ಬ್ಯಾಟರಿ ತೆಗೆದು ನೋಡಿ, ವರ್ಷಗಟ್ಟಲೆ ಒಳಗೇ ಉಳಿದು ಸೋರಿರಬಹುದು. ಆ ಬಿಳಿ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಾಬ್ ತಿರುಗಿಸಿದಾಗ ಮಾತ್ರ ಕರಕರ ಎಂದರೆ, ಪ್ಲಗ್ ತೆಗೆದು ಅದನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ತಿರುಗಿಸಿ.

ಹಾಡುವಾಗ ಮೈಕಿಗೆ ತುಟಿ ತಾಗಿ ಚುರುಕ್ ಎಂದರೆ ತಕ್ಷಣ ನಿಲ್ಲಿಸಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಮೈನ್ ಆಫ್ ಮಾಡಿ, ಆಮೇಲೆ ಪ್ಲಗ್ ತೆಗೆದು, ಎಲೆಕ್ಟ್ರಿಶಿಯನ್ ಕರೆಸಿ. ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವುದು ಉಪಾಯವಲ್ಲ, ಪ್ರಾಣಾಪಾಯ. ಆಂಪ್ಲಿಫೈಯರ್ ಆಫ್ ಇದ್ದರೂ ಬಿಚ್ಚಬೇಡಿ, ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯಿತೆಂದರೆ ಎಲ್ಲ ಪ್ಲಗ್ ಕಿತ್ತಿಡಿ.

ಬಿರುಕು

ಹಲಗೆಯ ನಡುಗೆರೆಯಲ್ಲಿ ಅಥವಾ ಅಂಚಿನಲ್ಲಿ ನೇರವಾಗಿದ್ದರೆ ಅದು ಬಿಟ್ಟ ಜೋಡಣೆ. ಎಳೆಯ ಉದ್ದಕ್ಕೆ ಬೇರೆ ಕಡೆ ಇದ್ದರೆ ನಿಜವಾದ ಬಿರುಕು. ಕತ್ತಲೆ ಕೋಣೆಯಲ್ಲಿ ಗಿಟಾರಿನೊಳಗೆ ಚಿಕ್ಕ ಎಲ್‌ಇಡಿ ಟಾರ್ಚ್ ಇಟ್ಟು ನೋಡಿ. ಬೆಳಕು ಹೊರಗೆ ಇಣುಕಿದರೆ ಆರಪಾರ ಒಡೆದಿದೆ. ಇಣುಕದಿದ್ದರೆ ಬರೀ ಪಾಲಿಶ್ ಬಿರಿದಿರಬಹುದು, ಅದಕ್ಕೆ ಏನೂ ಮಾಡಬೇಕಿಲ್ಲ. ಬೆಂಗಳೂರಿನ ಎಸಿ ಕೋಣೆಯಲ್ಲಿ ಇದ್ದು ಬಂದ ಗಿಟಾರ್‌ನಲ್ಲಿ ಒಣಗಿ ಬಿಟ್ಟ ಬಿರುಕು ಜಾಸ್ತಿ. ಬಿರುಕಿಗೆ ಅಂಟು ತುಂಬುವ ಮೊದಲು ತೇವ ಶೇ. 50ರ ಹತ್ತಿರ ಕೆಲವು ದಿನ ಇಡಿ, ಸಣ್ಣ ಬಿರುಕು ತಾನೇ ಕೂಡಿಕೊಳ್ಳುತ್ತದೆ. ಕೂಡಿಕೊಂಡ ಸ್ಥಿತಿಯಲ್ಲೇ ಅಂಟು ಹಾಕಿಸಬೇಕು.

ತಲೆ ಕತ್ತಿಗೆ ಸೇರುವ ಜಾಗದಲ್ಲಿ, ಅಥವಾ ಕತ್ತು ದೇಹಕ್ಕೆ ಸೇರುವ ಬುಡದಲ್ಲಿ ಗೆರೆ ಕಂಡರೆ ಮನೆಯಲ್ಲಿ ಏನೂ ಮಾಡಬೇಡಿ. ತಂತಿ ಪೂರ್ತಿ ಸಡಿಲಿಸಿ. ಮುರಿದ ಮುಖಗಳನ್ನು ಮುಟ್ಟಬೇಡಿ, ಒರೆಸಬೇಡಿ, ಸಿಬಿರು ಉದುರಿದ್ದರೆ ಪೊಟ್ಟಣ ಕಟ್ಟಿ ಜೊತೆಗೇ ಕಳಿಸಿ. ಸಿಬಿರೆಲ್ಲ ಉಳಿದಿದ್ದರೆ ಈ ಜಾಗದ ಮುರಿತ ಚೆನ್ನಾಗಿಯೇ ಕೂಡುತ್ತದೆ. ಮೈಸೂರಿಗೋ ಬೆಂಗಳೂರಿಗೋ ರಿಪೇರಿಗೆ ಒಯ್ಯುವಾಗ ತಲೆಯ ಕೆಳಗೆ, ಎರಡೂ ಪಕ್ಕ ಹಳೇ ಬಟ್ಟೆ ತುರುಕಿ, ಕೇಸ್ ಒಳಗೆ ಅಲ್ಲಾಡದ ಹಾಗೆ ಮಾಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ, ಆ ಕಾವಿಗೆ ಗಟ್ಟಿ ಇದ್ದ ಅಂಟೂ ಮೆದುವಾಗುತ್ತದೆ. ಬರೆದಿಟ್ಟ ಅಳತೆಗಳ ಚೀಟಿಯನ್ನೂ ಕೊಡಿ. ಯಾವ ತಿಂಗಳಲ್ಲಿ ತಂತಿ ಎಷ್ಟು ಎತ್ತರವಿತ್ತು ಅಂತ ಗೊತ್ತಾದರೆ ರಿಪೇರಿಯವರು ಕೊಡಗಿನ ಹವೆಗೆ ತಕ್ಕಂತೆ ಕೂರಿಸಿ ಕೊಡುತ್ತಾರೆ.